ಕಿಟಕಿ ಪಕ್ಕದ ಕುರ್ಚಿಯ ನೀರು

ತಮ್ಮನಿಗೆ ಮೂರನೇ ಸಲ ನಡುಕ ಬಂದ ದಿನ ಹನಿಯಕ್ಕ ಅವನ ಪಾದಗಳನ್ನು ಎರಡೂ ಅಂಗೈಗಳಲ್ಲಿ ಒತ್ತಿ ಹಿಡಿದು ಕೂತಿದ್ದಳು. ಡಯಾಲಿಸಿಸ್ ಶುರುವಾಗಿ ಒಂದು ಗಂಟೆಯೂ ಆಗಿರಲಿಲ್ಲ. ಮೊದಲು ಹಲ್ಲು ಕಟಕಟ ಅಂದವು, ಆಮೇಲೆ ಭುಜ ನಡುಗಿತು, ಆಮೇಲೆ ಅವನು ಕೂತ ಕುರ್ಚಿಯೇ ಅದುರತೊಡಗಿತು. ಎರಡು ಕಂಬಳಿ ಹೊದಿಸಿದರೂ ನಿಲ್ಲಲಿಲ್ಲ. ಹಿರಿಯ ಸಿಸ್ಟರ್ ಓಡಿಬಂದು ಇಂಜೆಕ್ಷನ್ ಕೊಟ್ಟರು, ಯಂತ್ರ ನಿಲ್ಲಿಸಿದರು. ಅಷ್ಟು ಹೊತ್ತಿಗೆ ಮೈ ಕೆಂಡವಾಗಿತ್ತು. ಅದರ ನಡುವೆಯೂ ಅವನು, "ಅಕ್ಕ, ಕಾಲು ಬಿಡು, ಓಡಿಹೋಗಲ್ಲ" ಅಂದ.

ಅವನಿಗೆ ಮೂವತ್ತನಾಲ್ಕು ವರ್ಷ. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು. ಎರಡು ವರ್ಷದ ಹಿಂದೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಅಕ್ಕನ ಕಿಡ್ನಿ ಅವನಿಗೆ ಹೊಂದಲಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ, ಅವಳದನ್ನು ತೆಗೆಯುವ ಮಾತೇ ಇರಲಿಲ್ಲ. ಅಂದಿನಿಂದ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಅವನ ರಕ್ತ ಮೈಯಿಂದ ಹೊರಬಂದು, ಯಂತ್ರದಲ್ಲಿ ಶುದ್ಧವಾಗಿ ಮತ್ತೆ ಒಳಹೋಗುತ್ತಿತ್ತು. "ನನ್ನ ಕಿಡ್ನಿಗೆ 'ಮುಚ್ಚಿದೆ' ಅಂತ ಬೋರ್ಡು ಹಾಕಿದವನು ಯಾರೋ, ಅಕ್ಷರ ಮಾತ್ರ ಗಟ್ಟಿಯಾಗಿ ಬರೆದಿದಾನೆ" ಎಂದು ವಾರ್ಡಿನವರನ್ನೆಲ್ಲ ನಗಿಸುತ್ತಿದ್ದ. ಈ ಒಂದು ತಿಂಗಳಿನಿಂದ ಆ ನಗು ಇಳಿದಿತ್ತು. ಡಯಾಲಿಸಿಸ್ ದಿನ ಬೆಳಿಗ್ಗೆ ಅಂಗಿ ತೊಡುವಾಗಲೇ ಅವನ ಬೆರಳು ಗುಂಡಿಯ ಮೇಲೆ ತಡವರಿಸುತ್ತಿದ್ದವು. ಹೋದರೆ ನಡುಕ, ಹೋಗದಿದ್ದರೆ ಸಾವು. ಬಾಯಲ್ಲಿಟ್ಟ ಬಿಸಿತುಪ್ಪದ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಡಾಕ್ಟರು ಕೆಟ್ಟವರಲ್ಲ. ರಕ್ತವನ್ನು ಮೂರು ಸಲ ಪರೀಕ್ಷೆಗೆ ಕಳಿಸಿದ್ದರು. ಏನೂ ಬೆಳೆದಿರಲಿಲ್ಲ. ನೀರಿನ ಪರೀಕ್ಷೆಯ ಕಾಗದ ಗೋಡೆಯ ಮೇಲೇ ಅಂಟಿಸಿತ್ತು, ಎಲ್ಲ ಸರಿಯಿದೆ ಎಂದು ಹೇಳುತ್ತಿತ್ತು. ಹಾಗಾದರೆ ಇವನ ಮೈಯೇ ಹೀಗೆ ಇರಬೇಕು, ಕೆಲವರಿಗೆ ಯಂತ್ರದ ಜರಡಿ ಒಗ್ಗುವುದಿಲ್ಲ, ಬದಲಿಸಿ ನೋಡೋಣ ಎಂದರು. ಜರಡಿ ಬದಲಾಯಿತು. ನಡುಕ ಬದಲಾಗಲಿಲ್ಲ.

ಹನಿಯಕ್ಕನಿಗೆ ಮಾತ್ರ ನೀರಿನ ಮೇಲಿನ ಅನುಮಾನ ಬಿಡಲಿಲ್ಲ. ಅದಕ್ಕೆ ಕಾರಣ ಅವಳ ಕೆಲಸ. ಪ್ರಯೋಗಾಲಯದಲ್ಲಿ ದಿನವಿಡೀ ಹನಿ ಬಿಡುವವಳೆಂದು ಜೊತೆಯವರು ಇಟ್ಟ ಹೆಸರೇ ಹನಿಯಕ್ಕ. ಉಗುರಿನಷ್ಟಗಲದ ಸ್ಫಟಿಕದ ಬಿಲ್ಲೆ, ಅದರ ಎರಡು ತುದಿಯಲ್ಲಿ ಚಿನ್ನದಲ್ಲಿ ಬರೆದ, ಕೂದಲಿಗಿಂತ ಸಣ್ಣ ಹಲ್ಲಿನ ಎರಡು ಬಾಚಣಿಗೆ. ಒಂದು ಬಾಚಣಿಗೆಗೆ ವಿದ್ಯುತ್ ಮಿಡಿತ ಕೊಟ್ಟರೆ ಸ್ಫಟಿಕದ ಮೈ ನವಿರಾಗಿ ಕಂಪಿಸಿ, ಆ ಕಂಪನ ಅಲೆಯಾಗಿ ಮೇಲ್ಮೈಯಲ್ಲೇ ಓಡಿ ಇನ್ನೊಂದು ಬಾಚಣಿಗೆಯನ್ನು ಮುಟ್ಟುತ್ತದೆ. ಶಬ್ದದ ಅಲೆಯೇ ಅದು, ಕಿವಿಗೆ ಕೇಳದು ಅಷ್ಟೆ. ದಾರಿಯಲ್ಲಿ ಏನಾದರೂ ಅಂಟಿಕೊಂಡಿದ್ದರೆ ಅಲೆ ಒಂದಿಷ್ಟು ನಿಧಾನವಾಗುತ್ತದೆ. ಎಷ್ಟು ನಿಧಾನವಾಯಿತು ಎಂಬುದರಿಂದ ಎಷ್ಟು ಅಂಟಿತು ಎಂದು ತಿಳಿಯಬಹುದು. ಮೇಲೆ ಕೆಳಗೆ ಕುಣಿಯುವ ಅಲೆಯಾದರೆ ನೀರು ಬಿದ್ದ ಕೂಡಲೇ ತನ್ನ ಶಕ್ತಿಯನ್ನೆಲ್ಲ ನೀರಿಗೆ ಸುರಿದು ಸತ್ತುಹೋಗುತ್ತದೆ. ಅಕ್ಕಪಕ್ಕಕ್ಕೆ ತೂಗಾಡುವ ಅಲೆ ಮಾತ್ರ ನೀರಿನಡಿಯಲ್ಲೂ ಬದುಕಿ ಆಚೆ ದಡ ಸೇರುತ್ತದೆ. ಅಂಥ ಅಲೆಯನ್ನು ಪಳಗಿಸುವುದರಲ್ಲೇ ಅವಳ ಏಳು ವರ್ಷ ಕಳೆದಿತ್ತು.

ಅವಳು ಹಿಡಿಯಲು ಹೊರಟಿದ್ದು ಸತ್ತ ಬ್ಯಾಕ್ಟೀರಿಯಾದ ಸಿಪ್ಪೆಯನ್ನು. ಬ್ಯಾಕ್ಟೀರಿಯಾ ಸತ್ತರೂ ಅದರ ಹೊರಸಿಪ್ಪೆಯ ವಿಷ ಸಾಯುವುದಿಲ್ಲ. ಸತ್ತದ್ದು ಬೆಳೆಯುವುದಿಲ್ಲವಾದ್ದರಿಂದ ರಕ್ತವನ್ನು ಎಷ್ಟು ಸಲ ಪರೀಕ್ಷಿಸಿದರೂ ಅದು ಸಿಗದು. ಡಯಾಲಿಸಿಸ್‌ಗೆ ಒಬ್ಬರಿಗೆ ಒಂದು ಸಲಕ್ಕೆ ನೂರಿಪ್ಪತ್ತು ಲೀಟರ್ ನೀರು ಬೇಕು. ಅಷ್ಟು ನೀರು ತೆಳು ಜರಡಿಯೊಂದರ ಆಚೆ ರಕ್ತದ ಪಕ್ಕದಲ್ಲೇ ಹರಿಯುತ್ತದೆ. ಅದರಲ್ಲಿ ಆ ಸಿಪ್ಪೆ ಚೂರುಪಾರು ಇದ್ದರೂ ಸಾಕು, ಮೈ ಹೀಗೇ ನಡುಗುತ್ತದೆ.

ಆ ಮೂರನೇ ನಡುಕದ ಮರುದಿನವೇ ಅವಳು ವಾರ್ಡಿನ ದೊಡ್ಡ ಟ್ಯಾಂಕಿನ ನಲ್ಲಿಯಿಂದ ಒಂದು ಬಾಟಲಿ ನೀರು ತಂದು ಬಿಲ್ಲೆಯ ಮೇಲೆ ಹಾಯಿಸಿದಳು. ಪ್ರತಿ ಬಿಲ್ಲೆಯಲ್ಲೂ ಎರಡು ದಾರಿ. ಒಂದಕ್ಕೆ ಆ ವಿಷವನ್ನು ಹಿಡಿದಿಡುವ ಲೇಪ, ಇನ್ನೊಂದು ಹೋಲಿಸಿ ನೋಡಲು ಬಿಟ್ಟ ಖಾಲಿ ದಾರಿ. ಪರದೆಯ ಮೇಲೆ ಒಂದೊಂದು ದಾರಿಗೆ ಒಂದೊಂದು ಗೆರೆ; ಆ ಎರಡು ಗೆರೆಗಳ ನಡುವೆ ಅಂತರ ಬೆಳೆಯಿತು. ಅವಳು ಇನ್ನೊಂದು ಸಲ ನೋಡುವ ತಾಳ್ಮೆಯಿಲ್ಲದೆ ನೇರ ಡಾಕ್ಟರ ಬಳಿಗೆ ಓಡಿದಳು. ಡಾಕ್ಟರು ಅವಳ ಮಾತು ನಂಬಿ ಅರ್ಧ ದಿನ ವಾರ್ಡು ಮುಚ್ಚಿಸಿದರು. ಬಂದವರೆಲ್ಲ ವಾಪಸು ಹೋದರು. ಅವರಲ್ಲಿ ಒಬ್ಬ ಹೆಂಗಸಿಗೆ ಡಯಾಲಿಸಿಸ್ ತಪ್ಪಿದ್ದರಿಂದ ಸಂಜೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಡಲಾಗದೆ ತುರ್ತು ವಿಭಾಗಕ್ಕೆ ಹೊತ್ತು ತರಬೇಕಾಯಿತು. ಡಾಕ್ಟರು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದ್ದ ನೀರಿನ ಪರೀಕ್ಷೆಯ ಫಲ ಬಂತು. ಟ್ಯಾಂಕಿನ ನೀರು ಚೊಕ್ಕಟವಾಗಿತ್ತು. ಬಿಲ್ಲೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಖಾಲಿ ದಾರಿಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆಯೊಂದು ಕೂತಿತ್ತು. ಅಂತರ ಹುಟ್ಟಿದ್ದು ಅದರಿಂದ.

ಡಾಕ್ಟರು ಬೈಯಲಿಲ್ಲ. ಇನ್ನು ಮುಂದೆ ನಿಮ್ಮ ಯಂತ್ರದ ಮಾತು ಇಲ್ಲಿ ತರಬೇಡಿ ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರು ಅವಳನ್ನು ಕರೆಸಿ, ರುಜುವಾತಾಗದ ಉಪಕರಣದಿಂದ ರೋಗಿಗಳ ವಿಷಯ ನಿರ್ಧರಿಸಿದ್ದು ತಪ್ಪು, ಹೊರಗಿನ ನೀರು ನನ್ನ ಒಪ್ಪಿಗೆಯಿಲ್ಲದೆ ಒಳಗೆ ಬರಕೂಡದು ಎಂದರು. ಎರಡೂ ನ್ಯಾಯವಾದ ಮಾತೇ. ಅವಳು ತಲೆ ತಗ್ಗಿಸಿ ಹೊರಬಂದಳು. ವಾರ್ಡಿಗೆ ಹೋದಾಗ, ಆ ಹೆಂಗಸಿನ ಗಂಡ ಇವಳನ್ನು ಕಂಡು ಮುಖ ತಿರುಗಿಸಿದ. ಆ ಮುಖ ಅವಳ ಕಣ್ಣಿಂದ ಹೋಗಲಿಲ್ಲ.

ಮುಂದಿನ ವಾರ ತಮ್ಮನಿಗೆ ನಾಲ್ಕನೇ ನಡುಕ ಬಂತು. ಈ ಸಲ ರಕ್ತದೊತ್ತಡ ಇಳಿದು ಎರಡು ನಿಮಿಷ ಅವನು ಮಾತೇ ಆಡಲಿಲ್ಲ. ಮನೆಗೆ ಬಂದ ಮೇಲೆ ಅಮ್ಮ ಅವನ ತಟ್ಟೆಯ ಮುಂದೆ ಕೂತು ನೋಡುತ್ತಿದ್ದಳು. ಅವನು, ಇನ್ನು ಹೋಗುವುದಿಲ್ಲ ಅಮ್ಮ, ಮನೆಯಲ್ಲೇ ಇರುತ್ತೇನೆ ಎಂದ. ಮನೆಯಲ್ಲೇ ಇದ್ದರೆ ಎಷ್ಟು ದಿನ ಎಂದು ಮೂವರಿಗೂ ಗೊತ್ತಿತ್ತು.

ಆ ಮಾತು ಕೇಳಿದ ಮೇಲೆ ಹನಿಯಕ್ಕನಿಗೆ ನಾಚಿಕೆ, ಭಯ ಎಲ್ಲ ಬಿಟ್ಟುಹೋಯಿತು. ಮರುದಿನ ಆಸ್ಪತ್ರೆಯ ಹಿಂಭಾಗಕ್ಕೆ ಹೋಗಿ ನೀರಿನ ಟೆಕ್ನೀಷಿಯನ್ನನ್ನು ಹಿಡಿದಳು. ವಾರ್ಡಿಗೆ ಶುದ್ಧ ನೀರು ಹರಿಸುವ ಪಂಪು ಪೈಪುಗಳನ್ನೆಲ್ಲ ನೋಡಿಕೊಳ್ಳುವವನು ಅವನು. ಒಣಕಲು ಆಳು, ಮಾತು ಕಡಿಮೆ. ಬೇರೆ ಯಾರಿಗಾದರೂ ಹೀಗೆ ಆಗಿದೆಯೇ ಎಂದು ಕೇಳಿದಳು. ಇಲ್ಲ ಎಂದ. ಆಮೇಲೆ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ತಾನೇ ಹೇಳತೊಡಗಿದ. ಮೊದಲು ವಾರ್ಡಿನಲ್ಲಿ ಹತ್ತೇ ಕುರ್ಚಿ ಇದ್ದವು. ಕಿಟಕಿ ಪಕ್ಕದ ಹನ್ನೊಂದನೆಯದು ಎರಡು ತಿಂಗಳ ಹಿಂದೆ ಹಾಕಿದ್ದು. ಅದಕ್ಕಾಗಿ ಪೈಪನ್ನು ಉದ್ದ ಮಾಡಿದರು. ಹನ್ನೆರಡನೆಯದೂ ಬರುತ್ತದೆಂದು ಇನ್ನೊಂದು ಮಾರು ಪೈಪು ಎಳೆದು ತುದಿ ಮುಚ್ಚಿದರು. ಹನ್ನೆರಡನೆಯದು ಬರಲೇ ಇಲ್ಲ. ಹನ್ನೊಂದನೆಯದರಲ್ಲಿ ವಾರಕ್ಕೆ ಮೂರು ದಿನ ನಿಮ್ಮ ತಮ್ಮ ಮಾತ್ರ ಕೂರುತ್ತಾರೆ. ಉಳಿದ ದಿನ ನೀರು ಅಲ್ಲೇ ನಿಂತಿರುತ್ತೆ.

"ಮತ್ತೆ ಪರೀಕ್ಷೆಗೆ ಎಲ್ಲಿಂದ ತೆಗೀತೀರಿ?" ಎಂದಳು.

"ಟ್ಯಾಂಕಿನ ಬಾಯಿಂದ. ಅದೂ ಪೈಪಿಗೆ ಔಷಧಿ ಹಾಕಿ ತೊಳೆದ ಮಾರನೇ ದಿನ ಬೆಳಿಗ್ಗೆ" ಎಂದ ಅವನು. "ನಾನು ಒಂದು ಸಲ ಹೇಳ್ದೆ. ಬರೆದು ಕೊಡು ಅಂದ್ರು. ಬರೆದು ಕೊಟ್ಟೆ. ಆ ಕಾಗದ ಎಲ್ಲಿ ಕೂತಿದೆಯೋ."

ಮಾರನೇ ದಿನ ಅವನು ತನ್ನ ಊಟದ ಚೀಲದಲ್ಲಿ ಎರಡು ಬಾಟಲಿ ತಂದುಕೊಟ್ಟ. ಒಂದು ಟ್ಯಾಂಕಿನದು, ಇನ್ನೊಂದು ಹನ್ನೊಂದನೇ ಕುರ್ಚಿಯ ನಲ್ಲಿಯದು. ತನ್ನ ಹೆಸರು ಎಲ್ಲೂ ಬರಬಾರದು ಎಂದಷ್ಟೇ ಕೇಳಿಕೊಂಡ.

ಲೇಪ ಹಚ್ಚಿ ಸಿದ್ಧವಿದ್ದ ಬಿಲ್ಲೆ ಎರಡೇ. ಮೂರನೆಯದಕ್ಕೆ ಲೇಪ ಹಚ್ಚಬೇಕು. ಹಚ್ಚಿದರೆ ಹಿಡಿಯಲು ಪೂರಾ ಒಂದು ದಿನ ಬೇಕು. ಪ್ರೊಫೆಸರು ಊರಲ್ಲಿರಲಿಲ್ಲ. ಅವಳು ಒಪ್ಪಿಗೆಯ ಮಾತನ್ನು ಪಕ್ಕಕ್ಕಿಟ್ಟು ಕೂತಳು. ಮೊದಲ ಬಿಲ್ಲೆಯನ್ನು ಹಿಡಿಕೆಯೊಳಗೆ ಕೂರಿಸಿ ತಿರುಪು ಬಿಗಿಯುವಾಗ ಒಂದು ಸುತ್ತು ಹೆಚ್ಚಾಗಿ, ಟಿಕ್ ಎಂದು ಸದ್ದಾಯಿತು. ಅಡ್ಡಲಾಗಿ ಸೀಳು. ಅವಳು ಎದ್ದು ಹೋಗಿ ತಣ್ಣೀರಿನಲ್ಲಿ ಮುಖ ತೊಳೆದು, ಮತ್ತೆ ಬಂದು ಎರಡನೆಯದನ್ನು ಉಸಿರು ಬಿಗಿಹಿಡಿದು ಕೂರಿಸಿದಳು. ಈ ಸಲ ಗುಳ್ಳೆ ಇದೆಯೇ ಎಂದು ನಾಲ್ಕು ಸಲ ನೋಡಿದಳು. ಟ್ಯಾಂಕಿನ ನೀರು ಹಾಯಿಸಿದಾಗ ಎರಡೂ ಗೆರೆ ಜೋಡೆತ್ತಿನಂತೆ ಒಟ್ಟಿಗೇ ಹೋದವು. ಕಿಟಕಿ ಪಕ್ಕದ ನೀರು ಹಾಯಿಸಿದಳು. ಐದು ನಿಮಿಷ ಏನೂ ಇಲ್ಲ. ಆರನೇ ನಿಮಿಷಕ್ಕೆ ಲೇಪದ ದಾರಿಯ ಗೆರೆ ಇಳಿಯತೊಡಗಿತು. ಇಳಿಯಿತು, ಇಳಿಯಿತು, ನಿಲ್ಲಲೇ ಇಲ್ಲ.

ಅವಳು ಫೋನಿಗೆ ಕೈ ಚಾಚಿದಳು. ಆದರೆ ಹಿಂದಿನ ಸಲವೂ ಹೀಗೇ ಅಂತರ ಬೆಳೆದಿತ್ತಲ್ಲ? ಲೇಪದಲ್ಲೇ ದೋಷವಿದ್ದರೆ? ಪೈಪು ತೊಳೆದ ಔಷಧಿಯ ಅಂಶ ಉಳಿದು ಅದೇ ಅಲೆಯನ್ನು ನಿಧಾನ ಮಾಡಿದ್ದರೆ? ಇನ್ನೊಂದು ಬಿಲ್ಲೆಯಲ್ಲಿ ಇದೇ ಉತ್ತರ ಬಂದರೆ ಮಾತ್ರ ಬಾಯಿ ಬಿಡುವುದು ಎಂದು ನಿಶ್ಚಯಿಸಿದಳು. ಮೂರನೇ ಬಿಲ್ಲೆಗೆ ಲೇಪ ಹಚ್ಚಿಟ್ಟು ಮನೆಗೆ ಹೋದಳು. ಅದು ಸಿದ್ಧವಾಗುವುದು ಮರುದಿನ ಮಧ್ಯಾಹ್ನ. ತಮ್ಮನ ಡಯಾಲಿಸಿಸ್ ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ.

ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನಿಗೆ ಮೆಲ್ಲಗೆ ಹೇಳಿದಳು.

"ನಾಳೆ ಹೋಗು. ಆದ್ರೆ ಆ ಕುರ್ಚೀಲಿ ಕೂರಬೇಡ."

"ಖಾತ್ರಿ ಆಯ್ತಾ?"

"ಅರ್ಧ ಆಗಿದೆ. ಮಧ್ಯಾಹ್ನಕ್ಕೆ ಪೂರ್ತಿ ಗೊತ್ತಾಗುತ್ತೆ."

"ಹಾಗಾದ್ರೆ ಸಿಸ್ಟರ್‌ಗೆ ಹೇಳಿಬಿಡೋಣ."

"ಬೇಡ. ಇನ್ನೊಂದು ಸಲ ತಪ್ಪಾದ್ರೆ ನನ್ನ ಮಾತು ಯಾರೂ ಕೇಳಲ್ಲ. ಬಿಸಿಲು ಕಣ್ಣಿಗೆ ಹೊಡೆಯುತ್ತೆ ಅಂತ ಏನಾದ್ರೂ ಹೇಳಿ ಜಾಗ ಬದಲಾಯಿಸ್ಕೋ."

ಅವನು, "ಅಲ್ಲಿ ಯಾರು ಕೂರ್ತಾರೆ?" ಎಂದ.

"ಒಂದು ದಿನ ತಾನೇ" ಎಂದಳು ಅವಳು. ಅದು ಅವನ ಪ್ರಶ್ನೆಗೆ ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಅಲ್ಲಿಗೇ ಬಿಟ್ಟರು.

ನಾಲ್ಕನೇ ಕುರ್ಚಿಯಲ್ಲಿ ಕೂರುತ್ತಿದ್ದವರು ಒಬ್ಬ ದರ್ಜಿ. ಎಪ್ಪತ್ತರ ಹತ್ತಿರದ ವಯಸ್ಸು, ಎದೆ ಮೊದಲೇ ದುರ್ಬಲ. ತಮ್ಮ ಅವರನ್ನು ಮಾವ ಎಂದೇ ಕರೆಯುತ್ತಿದ್ದ. ಅವನ ಅಂಗಿಯ ತೋಳನ್ನು ಬಿಚ್ಚಿ, ಕೈಗೆ ಸೂಜಿ ಚುಚ್ಚಲು ಅನುಕೂಲವಾಗುವಂತೆ ಗುಂಡಿಯಿಟ್ಟು ಹೊಲಿದುಕೊಟ್ಟವರು ಅವರೇ. ನಾಲ್ಕನೇ ಕುರ್ಚಿಯ ಎದುರು ಬರೀ ಗೋಡೆ. ನಿನಗೇನಪ್ಪಾ, ಕಿಟಕಿ ಪಕ್ಕ ಕೂತು ಲೋಕ ನೋಡ್ತೀಯ ಎಂದು ಅವರು ಆಗಾಗ ಹೊಟ್ಟೆಕಿಚ್ಚು ತೋಡಿಕೊಳ್ಳುತ್ತಿದ್ದರು. ಅವತ್ತು ತಮ್ಮ ಬಿಸಿಲಿನ ಮಾತೆತ್ತಿದ ಕೂಡಲೇ ತಾವಾಗಿಯೇ ಎದ್ದು, ಬಾ, ಅದಲು ಬದಲು ಮಾಡೋಣ ಎಂದರು. ತಮ್ಮ ಬೇಡ ಮಾವ ಎಂದ. ಎರಡು ಸಲ ಎಂದ. ಕಾರಣ ಮಾತ್ರ ಹೇಳಲಿಲ್ಲ. ಅಕ್ಕನಿಗೆ ಕೊಟ್ಟ ಮಾತು ನಾಲಿಗೆ ಹಿಡಿದಿತ್ತು. ಖಾಲಿ ಕುರ್ಚಿ ಬೇರೆ ಇರಲಿಲ್ಲ. ದರ್ಜಿಯ ಹೆಂಡತಿ ಗಂಡನಿಗೆ ದಿಂಬು ಸರಿಮಾಡಿ ಕೊಟ್ಟು, ಸಂಜೆವರೆಗೆ ಇನ್ನು ಇವರ ಬಾಯಿ ನಿಲ್ಲಲ್ಲ ಎಂದು ನಕ್ಕರು.

ಪ್ರಯೋಗಾಲಯದಲ್ಲಿ ಲೇಪ ಹನ್ನೊಂದೂವರೆಗೇ ಹಿಡಿದಿತ್ತು. ಹನಿಯಕ್ಕ ಕಾಯಲಿಲ್ಲ. ಟ್ಯಾಂಕಿನ ನೀರಿಗೆ ಎರಡು ಗೆರೆಯೂ ಒಟ್ಟಿಗೇ ಹೋದವು. ಕಿಟಕಿ ಪಕ್ಕದ ನೀರಿಗೆ ಆರನೇ ನಿಮಿಷಕ್ಕೆ ಗೆರೆ ಇಳಿಯಿತು, ಹಿಂದಿನ ದಿನದಷ್ಟೇ, ಅದೇ ವೇಗದಲ್ಲಿ. ಔಷಧಿ ಬೆರೆಸಿದ ನೀರನ್ನೂ ಹಾಯಿಸಿ ನೋಡಿದಳು, ಅದಕ್ಕೆ ಗೆರೆ ಅಲ್ಲಾಡಲಿಲ್ಲ. ಅವಳು ಕುರ್ಚಿಗೆ ಒರಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಏಳು ವರ್ಷದಲ್ಲಿ ಮೊದಲ ಬಾರಿಗೆ ಅವಳ ಬಿಲ್ಲೆ ನಿಜ ಹೇಳಿತ್ತು, ಆ ನಿಜಕ್ಕೆ ಅವಳು ತಲೆ ಪಣವಿಡಲೂ ಸಿದ್ಧಳಿದ್ದಳು. ಆ ಒಂದು ನಿಮಿಷ ಅವಳು ಸಂತೋಷಪಟ್ಟಳು.

ಫೋನು ಬಂತು. ತಮ್ಮನ ದನಿ.

"ಅಕ್ಕ, ದರ್ಜಿ ಮಾವ ನಡುಗ್ತಾ ಇದಾರೆ."

ಅವಳು ಬಿಳಿ ಕೋಟಿನಲ್ಲೇ ಓಡಿದಳು. ಆಸ್ಪತ್ರೆ ಎರಡು ರಸ್ತೆ ಆಚೆ. ಓಡುತ್ತಲೇ ಹಿರಿಯ ಸಿಸ್ಟರಿಗೆ ಫೋನು ಮಾಡಿ ಯಂತ್ರ ನಿಲ್ಲಿಸಿ ಎಂದು ಕೂಗಿದಳು. ನಿಲ್ಲಿಸಿ ಆಗಿದೆ ಎಂದರು. ವಾರ್ಡಿನ ಬಾಗಿಲಿಗೆ ಬರುವಷ್ಟರಲ್ಲಿ ಸಿಸ್ಟರುಗಳು ಗಾಲಿಮಂಚವನ್ನು ತಳ್ಳಿಕೊಂಡು ಎದುರಿಗೇ ಬಂದರು. ದರ್ಜಿಯ ತುಟಿ ನೀಲಿಯಾಗಿತ್ತು. ಒಂದು ಕೈ ಮಂಚದಿಂದ ಜಾರಿ ತೂಗುತ್ತಿತ್ತು. ಹೆಂಡತಿ ಆ ಕೈಯನ್ನು ಎತ್ತಿ ಎತ್ತಿ ಹೊದಿಕೆಯೊಳಗೆ ಸೇರಿಸುತ್ತ ಜೊತೆಗೆ ಓಡುತ್ತಿದ್ದರು. ನಾಲ್ಕನೇ ಕುರ್ಚಿಯಲ್ಲಿ ತಮ್ಮ ಕೂತಿದ್ದ. ಕೈಯಲ್ಲಿ ಸೂಜಿ, ಏಳುವಂತಿರಲಿಲ್ಲ. ಅವನ ಮೈ ಬೆಚ್ಚಗೆ, ನೆಟ್ಟಗೆ ಇತ್ತು.

ತೀವ್ರ ನಿಗಾ ಘಟಕದ ಹೊರಗೆ, ಗೋಡೆಗೆ ಒರಗಿ ನಿಂತು, ಹನಿಯಕ್ಕ ಡಾಕ್ಟರಿಗೆ ಎಲ್ಲವನ್ನೂ ಹೇಳಿದಳು. ಪೈಪಿನ ಮುಚ್ಚಿದ ತುದಿ, ನಿಂತ ನೀರು, ನಿನ್ನೆಯ ಗೆರೆ, ಇವತ್ತಿನ ಗೆರೆ. ನೀರು ತಂದುಕೊಟ್ಟವರು ಯಾರು ಎಂದು ಕೇಳಿದ್ದಕ್ಕೆ ನಾನೇ ಹಿಡಿದೆ ಎಂದಳು. ಮುಗಿದ ಮೇಲೆ ಡಾಕ್ಟರು, ಹನ್ನೊಂದನೇ ನಲ್ಲಿ ಮುಚ್ಚಿ, ಅಲ್ಲಿಂದಲೇ ನೀರು ತೆಗೆದು ಹೊರಗೆ ಕಳಿಸಿ, ಉಳಿದ ಕುರ್ಚಿಗಳದ್ದೂ ಕಳಿಸಿ ಎಂದು ಫೋನಿನಲ್ಲಿ ಹೇಳಿ ಒಳಗೆ ಹೋದರು. ಆಗ ಹನಿಯಕ್ಕ ತಿರುಗಿ ನೋಡಿದಳು. ದರ್ಜಿಯ ಹೆಂಡತಿ ಬೆಂಚಿನ ಮೇಲೆ ಕೂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

"ನಿಂಗೆ ನಿನ್ನೆನೇ ಗೊತ್ತಿತ್ತಾ?" ಎಂದರು.

"ಅರ್ಧ ಗೊತ್ತಿತ್ತು, ಅಮ್ಮ."

"ನಿನ್ನ ತಮ್ಮಂಗೆ ಹೇಳ್ದೆ."

"ಹೇಳ್ದೆ."

ಅವರು ಕೈಯಲ್ಲಿದ್ದ ಗಂಡನ ಕನ್ನಡಕವನ್ನು ಸೆರಗಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಆ ಅರ್ಧ ನಮಗೂ ಹೇಳಬಹುದಿತ್ತಲ್ಲಮ್ಮ" ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ದರ್ಜಿ ಮೂರನೇ ದಿನ ಮಧ್ಯಾಹ್ನ ತೀರಿಕೊಂಡರು. ಅದರ ಮಾರನೇ ದಿನ ಹೊರಗಿನ ಪರೀಕ್ಷೆಯ ಫಲ ಬಂತು. ಹನ್ನೊಂದನೇ ನಲ್ಲಿಯ ನೀರಿನಲ್ಲಿ ಆ ವಿಷ ಇರಬಹುದಾದ ಮಿತಿಯ ನೂರಾರು ಪಟ್ಟು ಇತ್ತು. ಪೈಪು ಕತ್ತರಿಸಿದಾಗ ಹನಿಯಕ್ಕನೂ ಅಲ್ಲಿದ್ದಳು. ಟೆಕ್ನೀಷಿಯನ್ ಬೆರಳು ತೂರಿಸಿ ತೆಗೆದ. ಕಂದುಬಣ್ಣದ ಲೋಳೆ ಎಳೆ ಎಳೆಯಾಗಿ ಬಂತು. ಅವನು ಅದನ್ನು ನೋಡಿದ, ಅವಳನ್ನು ನೋಡಿದ, ಕೈ ತೊಳೆಯಲು ಹೋದ.

ಅವಳನ್ನು ಯಾರೂ ತಪ್ಪಿತಸ್ಥೆ ಎನ್ನಲಿಲ್ಲ. ಆಸ್ಪತ್ರೆಯ ವರದಿಯಲ್ಲಿ ಅವಳ ಹೆಸರಿದ್ದದ್ದು ದೋಷ ಕಂಡುಹಿಡಿದವಳೆಂದು. ಪ್ರೊಫೆಸರು ಊರಿಂದ ಬಂದವರೇ, ಒಪ್ಪಿಗೆ ಕೇಳದ ಮಾತನ್ನು ಎತ್ತದೆ, ಇದನ್ನು ಬರೆದು ಪ್ರಕಟಿಸೋಣ, ಹೊರಗಿನವರು ನಾಲ್ಕು ದಿನ ತೆಗೆದುಕೊಂಡದ್ದನ್ನು ನಾವು ಆರು ನಿಮಿಷದಲ್ಲಿ ಹಿಡಿದಿದ್ದೇವೆ ಎಂದರು. ಅವಳು, ಸರ್, ಆರು ನಿಮಿಷ ಅಲ್ಲ, ಆರು ನಿಮಿಷ ಮತ್ತು ಒಂದು ದಿನ ಅಂತ ಬರೀಬೇಕಾಗುತ್ತೆ ಎಂದಳು. ಅವರಿಗೆ ಅರ್ಥವಾಯಿತು. ಆಮೇಲೆ ಒತ್ತಾಯಿಸಲಿಲ್ಲ.

ತಮ್ಮನಿಗೆ ನಡುಕ ನಿಂತಿತು. ಮಾತೂ ನಿಂತಿತು. ಅಕ್ಕ ಕೇಳಿದ್ದಕ್ಕೆ ಹೂಂ, ಊಹೂಂ ಅಷ್ಟೇ. ದರ್ಜಿ ಹೊಲಿದುಕೊಟ್ಟ ಅಂಗಿಯನ್ನು ಮಡಿಸಿ ಒಳಗಿಟ್ಟು, ಹಳೆಯ ಅಂಗಿಯ ತೋಳನ್ನು ಕಷ್ಟಪಟ್ಟು ಮೇಲೆ ಸರಿಸಿಕೊಂಡು ಹೋಗುತ್ತಿದ್ದ. ಒಂದು ದಿನ ಅಮ್ಮ, ಅವಳು ನಿನ್ನ ಜೀವ ಉಳಿಸಿದಳಲ್ಲೋ, ಯಾಕೆ ಹೀಗೆ ಮುಖ ಗಂಟು ಹಾಕ್ಕೊಂಡು ಕೂತಿದ್ದೀಯ ಎಂದಳು. ಅವನು ಅಮ್ಮನಿಗಲ್ಲ, ಅಕ್ಕನಿಗೆ ಹೇಳಿದ.

"ನಾನು ಎರಡು ಸಲ ಬೇಡ ಅಂದೆ ಅಕ್ಕ. ಮೂರನೇ ಸಲಕ್ಕೆ ಯಾಕೆ ಅಂತ ಹೇಳಿದ್ರೆ ಸಾಕಿತ್ತು. ನೀನು ಹೇಳಬೇಡ ಅಂದಿದ್ದೆ, ನಿಜ. ಆದ್ರೆ ಬಾಯಿ ನಂದೇ ಇತ್ತಲ್ಲ."

ಅವಳು ಅವನ ಪಕ್ಕ ನೆಲದ ಮೇಲೆ ಕೂತಳು. ಅವನು ಎದ್ದು ಹೋಗಲಿಲ್ಲ, ಅದೊಂದೇ ಅವಳಿಗೆ ದಕ್ಕಿದ್ದು.

ಹದಿನೈದು ದಿನ ಕಳೆದ ಮೇಲೆ ಅವಳು ದರ್ಜಿಯ ಮನೆಗೆ ಹೋದಳು. ಹೆಂಡತಿ ಬಾಗಿಲು ತೆರೆದು, ಒಳಗೆ ಬಾ ಎಂದರು. ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ಬಟ್ಟೆ ಹಾಗೇ ಇತ್ತು. ಅವಳು ಕ್ಷಮೆ ಕೇಳಿದಳು. ಅವರು, ನೀರಿನಲ್ಲಿ ಏನಿತ್ತು, ಸರಿಯಾಗಿ ಹೇಳು ಎಂದರು. ಅವಳು ಹೇಳಿದಳು. ಕಣ್ಣಿಗೆ ಕಾಣುತ್ತಾ ಎಂದು ಕೇಳಿದರು. ಇಲ್ಲ ಎಂದಳು. ವಾಸನೆ? ಇಲ್ಲ. ರುಚಿ? ಅದೂ ಇಲ್ಲ.

"ಅಲ್ಲಿ ಈಗ ಕೂತಿರೋರಿಗೆ ಇದೆಲ್ಲ ಗೊತ್ತಾ?"

ಗೊತ್ತಿರಲಿಲ್ಲ. ಪೈಪಿನ ದುರಸ್ತಿ ಎಂದಷ್ಟೇ ಆಸ್ಪತ್ರೆಯವರು ಹೇಳಿದ್ದರು. ಅವಳೂ ವಾರ್ಡಿನಲ್ಲಿ ಬಾಯಿ ತೆರೆದಿರಲಿಲ್ಲ.

"ಹೋಗಿ ಹೇಳು" ಎಂದರು ಅವರು. "ನಂಗೆ ಹೇಳಿದ ಹಾಗೇ ಹೇಳು. ನಿನ್ನ ತಪ್ಪನ್ನೂ ಸೇರಿಸಿ."

ಮರುದಿನ ಬೆಳಿಗ್ಗೆ ಹನಿಯಕ್ಕ ಡಾಕ್ಟರಿಗೆ ತಿಳಿಸಿ ವಾರ್ಡಿಗೆ ಹೋದಳು. ಅವರು ಮೊದಲು ಬೇಡ ಎಂದರು, ಆಮೇಲೆ ತಾವೂ ಬಂದು ಬಾಗಿಲಲ್ಲಿ ನಿಂತರು. ಅವಳು ಒಂದನೇ ಕುರ್ಚಿಯಿಂದ ಶುರುಮಾಡಿ ಒಬ್ಬೊಬ್ಬರ ಪಕ್ಕದಲ್ಲೂ ಸ್ಟೂಲು ಎಳೆದು ಕೂತು ಹೇಳಿದಳು. ಗಾಳಿಗುಳ್ಳೆಯ ಸುದ್ದಿ, ಮುಚ್ಚಿದ ಪೈಪು, ತಾನು ಬಾಯಿ ಮುಚ್ಚಿಕೊಂಡ ಆ ಒಂದು ದಿನ. ಒಬ್ಬರು ಅತ್ತರು. ಒಬ್ಬರು, ಎದ್ದು ಹೋಗು ಎಂದರು, ಅವಳು ಎದ್ದು ಹೋದಳು. ನಾಲ್ಕನೇ ಕುರ್ಚಿಯಲ್ಲಿ ತಮ್ಮ ಇದ್ದ. ಅವನಿಗೂ ಮೊದಲಿಂದ ಕೊನೆಯವರೆಗೆ ಹೇಳಿದಳು, ಅವನೂ ಹೊಸದಾಗಿ ಕೇಳುವವನಂತೆ ಕೇಳಿದ. ಏಳನೇ ಕುರ್ಚಿಯಲ್ಲಿ, ಹಿಂದೆ ಉಸಿರುಗಟ್ಟಿ ತುರ್ತು ವಿಭಾಗ ಸೇರಿದ್ದ ಆ ಹೆಂಗಸು ಇದ್ದರು. ಎಲ್ಲ ಕೇಳಿಸಿಕೊಂಡು, ಸೂಜಿಯಿಲ್ಲದ ಕೈಯಿಂದ ಯಂತ್ರದ ಹಿಂದಿನ ನಲ್ಲಿಯನ್ನು ತೋರಿಸಿದರು.

"ಇದರ ನೀರು ನೋಡಿದ್ದೀರಾ?"

"ಆವತ್ತು ಹೊರಗೆ ಕಳಿಸಿದಾಗ ಸರಿಯಿತ್ತು. ಆಮೇಲೆ ನೋಡಿಲ್ಲ."

"ಇವತ್ತು ನೋಡಿ. ಏನು ಬರುತ್ತೋ, ಬಂದ ಹಾಗೇ ನನಗೆ ಹೇಳಿ. ಖಾತ್ರಿ ಆಗೋವರೆಗೆ ಕಾಯಬೇಡಿ."

ಅವಳು ಚೀಲದಿಂದ ಬಾಟಲಿ ತೆಗೆದು, ಬಗ್ಗಿ, ನಲ್ಲಿಯ ಕೆಳಗೆ ಹಿಡಿದಳು.